ರಿಸ್ಕ್, ಕ್ವಾಲಿಟಿ, ಯುಟಿಲೈಸೇಷನ್: ಮೂರು ಪಾಠಕ್ಕೆ ಒಂದೇ ಕೇಸ್ ಸಾಕು

ಆಸ್ಪತ್ರೆ ಆಡಳಿತ ಓದುವವರ ನೋಟ್ಸ್‌ಗಳನ್ನು ನಾನು ತುಂಬಾ ನೋಡಿದ್ದೇನೆ. ಹೆಚ್ಚಿನವು ಒಂದೇ ತರಹ. ಕೆಂಪು ಶಾಯಿಯಲ್ಲಿ ರಿಸ್ಕ್ ಮ್ಯಾನೇಜ್‌ಮೆಂಟ್, ಕೆಳಗೆ ಆರು ಸಾಲಿನ ವ್ಯಾಖ್ಯೆ. ಹತ್ತು ಪುಟ ಬಿಟ್ಟು ಕ್ವಾಲಿಟಿ ಅಶ್ಯೂರೆನ್ಸ್, ಮತ್ತೆ ಆರು ಸಾಲು. ಕೊನೆಗೆ ಪರೀಕ್ಷೆಗೆ ಎರಡು ದಿನ ಇದ್ದಾಗ ಅವಸರದಲ್ಲಿ ಗೀಚಿದ ಯುಟಿಲೈಸೇಷನ್ ರಿವ್ಯೂ, ಅಂದರೆ ಕೊಟ್ಟ ಸೇವೆ, ಇದ್ದ ದಿನ ನಿಜಕ್ಕೂ ಬೇಕಿತ್ತಾ ಎಂಬ ಪರಿಶೀಲನೆ. ಮೂರೂ ಬಾಯಿಪಾಠ ಆಗಿರುತ್ತವೆ. ಆದರೆ "ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಅಜ್ಜಿಯೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಈಗೇನು ಮಾಡ್ತೀರಿ?" ಎಂದರೆ ಮುಖ ಮುಖ ನೋಡುತ್ತಾರೆ.

ಹಾಗಾಗಿ ನಾನು ಹೇಳುವ ದಾರಿ ಉಲ್ಟಾ. ಆ ಅಜ್ಜಿಯಿಂದಲೇ ಓದು ಶುರು ಮಾಡಿ.

ಹಂತ 1: ಒಂದು ಘಟನೆ ಹಿಡಿಯಿರಿ, ಮೂರು ಪ್ರಶ್ನೆ ಕೇಳಿ

ರಿಸ್ಕ್‌ನವರು ಕೇಳುವುದು: ಯಾರಿಗೆ ಎಷ್ಟು ಹಾನಿಯಾಯಿತು, ದಾಖಲೆ ಸರಿಯಿದೆಯಾ, ದಾವೆ ಬರಬಹುದಾ, ಇದು ಮತ್ತೆ ಆಗದಂತೆ ತಡೆಯೋದು ಹೇಗೆ? ಕ್ವಾಲಿಟಿಯವರು ಕೇಳುವುದು: ಈ ವಾರ್ಡಿನಲ್ಲಿ ಹೀಗೆ ಎಷ್ಟು ಸಲ ಆಗುತ್ತಿದೆ, ನಾವೇ ಇಟ್ಟುಕೊಂಡ ಮಟ್ಟಕ್ಕಿಂತ ಜಾಸ್ತಿಯಾ? ಯುಟಿಲೈಸೇಷನ್‌ನವರು ಕೇಳುವುದು: ಐದನೇ ದಿನ ಮನೆಗೆ ಹೋಗಬೇಕಿದ್ದವರು ಹತ್ತೊಂಬತ್ತನೇ ದಿನದವರೆಗೆ ಇದ್ದರಲ್ಲ, ಅದರಲ್ಲಿ ಎಷ್ಟು ದಿನ ನಿಜಕ್ಕೂ ಬೇಕಿತ್ತು, ದುಡ್ಡು ಯಾರು ಕೊಡ್ತಾರೆ?

ಇದು ಬರೀ ಓದಿಗಾಗಿ ಮಾಡಿದ ಜೋಡಣೆ ಅಲ್ಲ. ಅಮೆರಿಕದಲ್ಲಿ ಮುಖ್ಯವಾಗಿ ವೃದ್ಧರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, 2008ರ ಅಕ್ಟೋಬರ್‌ನಿಂದ, ಆಸ್ಪತ್ರೆಯಲ್ಲೇ ಆದ ಕೆಲವು ಹಾನಿಗಳಿಗೆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿತು. ಬಿದ್ದು ಆದ ಪೆಟ್ಟು ಆ ಪಟ್ಟಿಯಲ್ಲಿದೆ. ಒಂದು ಬೀಳುವಿಕೆ ಮೂರೂ ಟೇಬಲ್ಲಿಗೆ ಹೋಗುತ್ತದೆ, ಅಷ್ಟೇ.

ಹಂತ 2: ಇತಿಹಾಸಕ್ಕೆ ಅರ್ಧ ಗಂಟೆ

1965ರ ಮೆಡಿಕೇರ್ ಕಾನೂನು ಆಸ್ಪತ್ರೆಗಳಿಗೆ ಯುಟಿಲೈಸೇಷನ್ ರಿವ್ಯೂ ಕಡ್ಡಾಯ ಮಾಡಿತು. 1966ರಲ್ಲಿ ವೈದ್ಯ, ಸಂಶೋಧಕ ಅವೆಡಿಸ್ ಡೊನಬೇಡಿಯನ್ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರು ಪಾಲು ಮಾಡಿದರು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಆಸ್ಪತ್ರೆಗಳಲ್ಲಿನ ತಪ್ಪುಗಳಿಂದ ಆ ದೇಶದಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಾರೆ ಎಂದು ಅಂದಾಜು ಮಾಡಿತು. ಸಾಕು, ಮುಂದೆ ಹೋಗಿ.

ಹಂತ 3: ಇನ್ಸಿಡೆಂಟ್ ರಿಪೋರ್ಟ್ (ಘಟನೆಯ ಆಂತರಿಕ ವರದಿ) ಬರೆದು ನೋಡಿ

"ರೋಗಿ ಮಂಚದಿಂದ ಬಿದ್ದರು" ಎಂದು ಬರೆದಿರಾ? ನೀವು ನೋಡಿದ್ರಾ? ಇಲ್ಲ ಅಲ್ವಾ. ಹಾಗಾದರೆ "ರಾತ್ರಿ 2.10ಕ್ಕೆ ರೋಗಿ ನೆಲದ ಮೇಲೆ, ಮಂಚದ ಬಲಬದಿಯಲ್ಲಿ ಮಲಗಿದ್ದು ಕಂಡಿತು" ಎಂದು ಬರೆಯಿರಿ. ಕಂಡದ್ದು, ಕೇಳಿದ್ದು, ಮಾಡಿದ್ದು, ಇಷ್ಟೇ. ಊಹೆ ಬೇಡ, ಬೈಗುಳ ಬೇಡ, "ಸ್ಟಾಫ್ ಕಮ್ಮಿ ಇದ್ದರು" ಎಂಬ ಸಮಜಾಯಿಷಿಯೂ ಬೇಡ. ಘಟನೆಯ ವಿವರ ಕೇಸ್ ಶೀಟ್‌ನಲ್ಲೂ ಇರಬೇಕು, ಆದರೆ "ಇನ್ಸಿಡೆಂಟ್ ರಿಪೋರ್ಟ್ ಹಾಕಲಾಗಿದೆ" ಎಂಬ ಸಾಲು ಅಲ್ಲಿ ಬರಬಾರದು. ಅದು ಒಳಗಿನ ಕಾಗದ.

ಹಂತ 4: ಮೂಲ ಕಾರಣ ಹುಡುಕಿ (ಎಲ್ಲರೂ ಜಾರುವುದು ಇಲ್ಲೇ)

ಹತ್ತರಲ್ಲಿ ಎಂಟು ಜನ ಬರೆಯುವ ಉತ್ತರ: "ಮೂಲ ಕಾರಣ: ನರ್ಸ್‌ನ ನಿರ್ಲಕ್ಷ್ಯ. ಪರಿಹಾರ: ತರಬೇತಿ." ಇದಕ್ಕೆ ನಾನು ಸೊನ್ನೆ ಕೊಡುತ್ತೇನೆ. ನಿಷ್ಠುರ ಅನ್ನಿಸಬಹುದು, ಆದರೆ ಈ ಉತ್ತರ ಯಾವ ಘಟನೆಗೆ ಬೇಕಾದರೂ ಹೊಂದುತ್ತದೆ. ಎಲ್ಲದಕ್ಕೂ ಹೊಂದುವ ಕಾರಣ ಯಾವುದಕ್ಕೂ ಕಾರಣ ಅಲ್ಲ.

"ಯಾಕೆ" ಅಂತ ಕೇಳುತ್ತಾ ಹೋಗಿ. ಐದು ಸಲ ಅಂತ ಪುಸ್ತಕದಲ್ಲಿ ಇರುತ್ತದೆ, ಐದಕ್ಕೇ ನಿಲ್ಲಬೇಕೆಂದಿಲ್ಲ. ಒಂದೇ ದಾರದಲ್ಲಿ ಹೋಗಬೇಕೆಂದೂ ಇಲ್ಲ, ಕವಲು ಒಡೆದರೆ ಎರಡೂ ಕಡೆ ಹೋಗಿ. ನಮ್ಮ ಅಜ್ಜಿಯದ್ದೇ ನೋಡೋಣ. ಯಾಕೆ ಬಿದ್ದರು? ಶೌಚಕ್ಕೆ ಒಬ್ಬರೇ ಎದ್ದರು. ಯಾಕೆ ಒಬ್ಬರೇ? ಬೆಲ್ ಕೈಗೆ ಎಟುಕಲಿಲ್ಲ. ಯಾಕೆ? ಅದರ ವೈರ್ ಗೋಡೆಗೆ ಸಿಕ್ಕಿಸಿದ್ದು, ಮಂಚ ಸ್ವಲ್ಪ ಸರಿಸಿದರೂ ಹಿಂದೆ ಬೀಳುತ್ತದೆ. ಇದು ಒಂದು ಕವಲು. ಇನ್ನೊಂದು: ಆ ಹೊತ್ತಲ್ಲಿ ಶೌಚಕ್ಕೆ ಯಾಕೆ ಎದ್ದರು? ಮೂತ್ರ ಹೆಚ್ಚಿಸುವ ಮಾತ್ರೆಯ ಎರಡನೇ ಡೋಸ್ ರಾತ್ರಿ 9ಕ್ಕೆ ಕೊಟ್ಟಿದ್ದರು. ಯಾಕೆ 9ಕ್ಕೆ? "ದಿನಕ್ಕೆರಡು" ಎಂದು ಬರೆದರೆ ಸಾಫ್ಟ್‌ವೇರ್ ತಾನಾಗಿಯೇ ಬೆಳಿಗ್ಗೆ 9, ರಾತ್ರಿ 9 ಎಂದು ಹಾಕುತ್ತದೆ. ಮಧ್ಯಾಹ್ನ ಕೊಡಬಹುದಿತ್ತು, ಯಾರೂ ಬದಲಿಸಲಿಲ್ಲ. ಅದರ ಮೇಲೆ 10 ಗಂಟೆಗೆ ನಿದ್ದೆ ಮಾತ್ರೆ.

ಈಗ ಇನ್ನೂ ಒಂದು ಪದರ. ಬೀಳುವ ಅಪಾಯ ಅಳೆಯಲು ಮೋರ್ಸ್ ಸ್ಕೇಲ್ ಬಳಸುತ್ತಾರೆ. ಆರು ಅಂಶ, ಒಟ್ಟು 125 ಅಂಕ, ಸಾಮಾನ್ಯವಾಗಿ 45 ದಾಟಿದರೆ ಅಥವಾ ಮುಟ್ಟಿದರೆ ಹೆಚ್ಚು ಅಪಾಯ. ಅಜ್ಜಿ ಸೇರಿದ ದಿನ ಇನ್ನೊಂದು ಕಾಯಿಲೆಗೆ 15, ಡ್ರಿಪ್‌ಗೆ 20, ಒಟ್ಟು 35. ಹೆಚ್ಚು ಅಪಾಯ ಇಲ್ಲ ಎಂದು ಟಿಕ್ ಹಾಕಿದರು. ನಿದ್ದೆ ಮಾತ್ರೆ ಶುರುವಾದ ಮೇಲೆ ಮತ್ತೆ ಅಳೆಯಲಿಲ್ಲ. ಅಳೆದಿದ್ದರೆ? ನಡಿಗೆ ದುರ್ಬಲ ಎಂದು 10 ಸೇರಿ 45 ಆಗುತ್ತಿತ್ತು. ಆದರೆ ಗಮನಿಸಿ, ಆ ಆರು ಅಂಶಗಳಲ್ಲಿ ನಿದ್ದೆ ಮಾತ್ರೆ ಎಂಬುದೇ ಇಲ್ಲ. ಫಾರ್ಮ್ ತುಂಬುವವರಿಗೆ ಅದು ಹೊಳೆಯುವುದು ಹೇಗೆ?

ಇಷ್ಟು ದೂರ ಬಂದ ಮೇಲೆ ಒಂದು ಪರೀಕ್ಷೆ ಮಾಡಿ: ಆ ರಾತ್ರಿ ಆ ನರ್ಸ್ ಬದಲು ಅಷ್ಟೇ ಅನುಭವದ ಇನ್ನೊಬ್ಬರು ಇದ್ದಿದ್ದರೆ ಇದು ತಪ್ಪುತ್ತಿತ್ತಾ? ಇಲ್ಲ ಎಂದಾದರೆ ದೋಷ ವ್ಯವಸ್ಥೆಯಲ್ಲಿದೆ. ಮನುಷ್ಯರ ತಪ್ಪುಗಳನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಜೇಮ್ಸ್ ರೀಸನ್ ಹೇಳಿದ್ದು ಇದನ್ನೇ: ಪ್ರತಿ ರಕ್ಷಣೆಯಲ್ಲೂ ಸ್ವಿಸ್ ಚೀಸ್ ತುಂಡಿನ ಹಾಗೆ ತೂತುಗಳಿವೆ, ಅವೆಲ್ಲ ಒಂದೇ ಸಾಲಿಗೆ ಬಂದ ದಿನ ಅಪಾಯ ಹಾದು ಹೋಗುತ್ತದೆ. ಹಾಗಂತ ಬೇಕೆಂದೇ ನಿಯಮ ಮುರಿದವರನ್ನು, ಕುಡಿದು ಡ್ಯೂಟಿಗೆ ಬಂದವರನ್ನು ಇದರಡಿ ಮುಚ್ಚಿಹಾಕಲು ಹೋಗಬೇಡಿ, ಅದು ಬೇರೆ ವಿಚಾರಣೆ.

ಪರಿಹಾರ ಬರೆಯುವಾಗಲೂ ತೂಕ ನೋಡಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆ ವ್ಯವಸ್ಥೆ ರೂಪಿಸಿದ ಒಂದು ಏಣಿ ಇದೆ. ತರಬೇತಿ, ಎಚ್ಚರಿಕೆ ಬೋರ್ಡ್, ಹೊಸ ಸುತ್ತೋಲೆ ಎಲ್ಲಾ ಕೆಳಗಿನ ಮೆಟ್ಟಿಲು, ದುರ್ಬಲ. ಚೆಕ್‌ಲಿಸ್ಟ್, ಕೆಲಸದ ಹೊರೆ ಇಳಿಸುವುದು ಮಧ್ಯ. ತಪ್ಪು ಮಾಡಲು ದಾರಿಯೇ ಇಲ್ಲದ ಹಾಗೆ ವಸ್ತುವನ್ನೋ ಜಾಗವನ್ನೋ ಬದಲಿಸುವುದು ಮೇಲೆ. ಬೆಲ್ಲನ್ನು ಮಂಚಕ್ಕೇ ಕೂರಿಸುವುದು ಆ ಕಡೆಯದು, ಸಾಫ್ಟ್‌ವೇರ್‌ನಲ್ಲಿ ಆ ಮಾತ್ರೆಯ ಎರಡನೇ ಹೊತ್ತನ್ನು ಮಧ್ಯಾಹ್ನಕ್ಕೆ ತರುವುದು ಮಧ್ಯದ್ದು. ನಿಮ್ಮ ಉತ್ತರದಲ್ಲಿ ಮೇಲಿನದು ಒಂದಾದರೂ ಇರಲಿ. ಮಂಚದ ಕಂಬಿ ಎತ್ತಿಡುವುದನ್ನು ಮಾತ್ರ ಪರಿಹಾರ ಅಂತ ಬರೆಯಬೇಡಿ. ಅದನ್ನು ಹತ್ತಿ ಇಳಿಯಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ.

ಒಂದು ಮಾತು. ಕಾರಣಗಳನ್ನು ಗುಂಪು ಗುಂಪಾಗಿ ಕವಲು ಬಿಡಿಸಿ ಬರೆಯುವ ಮೀನಿನ ಮೂಳೆ ಚಿತ್ರದ ರೆಡಿಮೇಡ್ ಟೆಂಪ್ಲೇಟ್‌ಗಳು ಸಿಗುತ್ತವೆ, ಆರು ಖಾನೆ ಮೊದಲೇ ಬರೆದಿರುತ್ತವೆ. ಖಾನೆ ಖಾಲಿ ಬಿಡಲು ಮನಸ್ಸು ಬಾರದೆ ಜನ ಸುಮ್ನೆ ಏನೇನೋ ತುಂಬುತ್ತಾರೆ. ಬಿಳಿ ಹಾಳೆಯೇ ಮೇಲು.

ಹಂತ 5: ಭಾಗಿಸುವ ಸಂಖ್ಯೆ ಯಾವುದು ಅಂತ ಮೊದಲು ಕೇಳಿ

ಒಂದು ವಾರ್ಡಿನಲ್ಲಿ ತಿಂಗಳಿಗೆ 6 ಜನ ಬಿದ್ದರು, ಇನ್ನೊಂದರಲ್ಲಿ 9. ಯಾವುದು ಕೆಟ್ಟದ್ದು? 9 ಎಂದವರು ಸಿಕ್ಕಿಬಿದ್ದರು. ಮೊದಲನೆಯದರಲ್ಲಿ ಒಟ್ಟು 1,500 ರೋಗಿ ದಿನ, ಎರಡನೆಯದರಲ್ಲಿ 3,000. ಸಾವಿರ ರೋಗಿ ದಿನಕ್ಕೆ ಲೆಕ್ಕ ಹಾಕಿದರೆ 4 ಮತ್ತು 3. ರೋಗಿ ದಿನ ಎಂದರೆ ಪ್ರತಿದಿನ ವಾರ್ಡಿನಲ್ಲಿದ್ದ ರೋಗಿಗಳ ಸಂಖ್ಯೆಯನ್ನು ತಿಂಗಳಿಡೀ ಕೂಡಿದ್ದು. ಕ್ಯಾಥೆಟರ್ ಸೋಂಕಿಗೆ ಬಂದಾಗ ಇದನ್ನೇ ಹಾಕಬೇಡಿ, ಅಲ್ಲಿ ಕ್ಯಾಥೆಟರ್ ಹಾಕಿದ್ದ ದಿನಗಳಿಂದಲೇ ಭಾಗಿಸಬೇಕು.

ಸರಾಸರಿಯನ್ನೂ ನಂಬಬೇಡಿ. ಒಂಬತ್ತು ಜನ ಮೂರು ಮೂರು ದಿನ, ಒಬ್ಬರು 63 ದಿನ ಇದ್ದರೆ ಸರಾಸರಿ ವಾಸ 9 ದಿನ. ಅಲ್ಲಿ ಒಬ್ಬರೂ ಒಂಬತ್ತು ದಿನ ಇರಲಿಲ್ಲ! ದಿನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವಿನ ಸಂಖ್ಯೆ (ಮೀಡಿಯನ್) 3, ಅದನ್ನು ಪಕ್ಕದಲ್ಲೇ ಬರೆಯಿರಿ. ಇನ್ನೊಂದು, ವರದಿ ಮಾಡಿದವರನ್ನು ಬೈಯುವುದು ನಿಂತರೆ ವರದಿಗಳ ಸಂಖ್ಯೆ ಏರುತ್ತದೆ. ಅದನ್ನು ನೋಡಿ ಗುಣಮಟ್ಟ ಕುಸಿಯಿತು ಎಂದು ಬರೆದವರೂ ಇದ್ದಾರೆ.

ಹಂತ 6: ಎಫ್‌ಎಂಇಎ (ಫೇಲ್ಯೂರ್ ಮೋಡ್ ಅಂಡ್ ಎಫೆಕ್ಟ್ಸ್ ಅನಾಲಿಸಿಸ್)

ಆಗುವ ಮೊದಲೇ ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ, ತೀವ್ರತೆ, ಸಾಧ್ಯತೆ, ಪತ್ತೆಯ ಕಷ್ಟ ಮೂರಕ್ಕೂ 1ರಿಂದ 10 ಅಂಕ ಕೊಟ್ಟು ಗುಣಿಸುವುದು. ಸುಲಭ. ಆದರೆ 9×2×2 ಎಂದರೆ 36, 3×4×4 ಎಂದರೆ 48. ಗುಣಲಬ್ಧ ಮಾತ್ರ ನೋಡಿದರೆ ಜೀವ ಹೋಗುವಂಥದ್ದು ಕೆಳಗೆ, ಕಿರಿಕಿರಿ ಕೊಡುವಂಥದ್ದು ಮೇಲೆ. ಆದ್ದರಿಂದ ತೀವ್ರತೆ 9, 10 ಇರುವುದನ್ನೆಲ್ಲ ಮೊದಲು ಬೇರೆ ಎತ್ತಿಡಿ, ಆಮೇಲೆ ಗುಣಿಸಿ.

ಹಂತ 7: ಯುಟಿಲೈಸೇಷನ್ ರಿವ್ಯೂ ದಿನ ದಿನ ಓದಿ

ಸೇರುವ ಮೊದಲು, ಇದ್ದಾಗ, ಹೋದ ಮೇಲೆ ಎಂದು ಮೂರು ಹೊತ್ತಿನ ಪರಿಶೀಲನೆ ಇದೆ, ಅದನ್ನು ಎಲ್ಲರೂ ಬರೆಯುತ್ತಾರೆ. ತಪ್ಪುವುದು ಇಲ್ಲಿ: ಹದಿನಾಲ್ಕು ಹೆಚ್ಚುವರಿ ದಿನಗಳನ್ನು ಒಂದೇ ಮೂಟೆ ಕಟ್ಟಿ "ಬೇಕಿತ್ತು" ಅಥವಾ "ಬೇಡವಿತ್ತು" ಅನ್ನುತ್ತಾರೆ. ಹಾಗಲ್ಲ, ಒಂದೊಂದು ದಿನ ತೆಗೆದು ಎರಡು ಪ್ರಶ್ನೆ ಕೇಳಿ. ಇವತ್ತು ರೋಗಿ ಎಷ್ಟು ಕಾಯಿಲೆಯಲ್ಲಿದ್ದರು? ಕೊಟ್ಟ ಸೇವೆ ಆಸ್ಪತ್ರೆಯಲ್ಲೇ ಕೊಡಬೇಕಾದ್ದಾ? ಆಪರೇಷನ್ ಆದ ದಿನ, ಅದರ ಮಾರನೇ ದಿನ, ಸರಿ. ಆದರೆ ಥಿಯೇಟರ್ ಖಾಲಿ ಇಲ್ಲ ಎಂದು ಕಾದ ಎರಡು ದಿನ, ಭಾನುವಾರ ಫಿಸಿಯೋಥೆರಪಿಸ್ಟ್ ಇಲ್ಲ ಎಂದು ಹೋದ ಒಂದು ದಿನ? ಅವು ತಪ್ಪಿಸಬಹುದಾಗಿದ್ದ ದಿನಗಳು. ಕಾರಣದ ಸಮೇತ ಬೇರೆ ಪಟ್ಟಿ ಮಾಡಿದರೆ ಅದೇ ಪಟ್ಟಿ ಕ್ವಾಲಿಟಿಯವರ ಕೈಗೆ ಹೋಗುತ್ತದೆ.

ಮಾನದಂಡ ನೋಡಿ ನರ್ಸ್ ರಿವ್ಯೂವರ್ ಒಪ್ಪಿಗೆ ಕೊಡಬಹುದು. ವೈದ್ಯಕೀಯವಾಗಿ ಬೇಡ ಎಂದು ನಿರಾಕರಿಸುವುದು ಮಾತ್ರ ವೈದ್ಯರ ಕೆಲಸ, ಇದನ್ನು ಮರೆತವರು ಬಹಳ. ಈ ಕೆಲಸ ಎಂದರೆ ಖರ್ಚು ಕತ್ತರಿಸುವುದು ಎಂದು ಬರೆದರೂ ತಪ್ಪೇ. ಕೊಡಬೇಕಾದ್ದನ್ನು ಕೊಡದೆ ಬಿಟ್ಟದ್ದೂ ಇಲ್ಲೇ ಸಿಕ್ಕಿಬೀಳಬೇಕು. ವಾಸದ ದಿನ ಇಳಿಸಿದೆವು ಎಂದು ಹೇಳುವ ಮೊದಲು 30 ದಿನದೊಳಗೆ ಮತ್ತೆ ಸೇರಿದವರು ಎಷ್ಟು ಎಂದು ನೋಡಿ.

ಹಂತ 8: ಅಭ್ಯಾಸ

ಹಳೆಯ ಪ್ರಶ್ನೆಗಳ ಸೋರಿಕೆ ಎಂದು ಮಾರುವ ಪಿಡಿಎಫ್ ಕೊಳ್ಳಬೇಡಿ. ಅರ್ಧ ಉತ್ತರ ತಪ್ಪಿರುವಂಥವನ್ನು ನಾನೇ ನೋಡಿದ್ದೇನೆ. ಸಿಪಿಎಚ್‌ಕ್ಯೂ (ಆರೋಗ್ಯ ಸೇವೆಯ ಗುಣಮಟ್ಟದ ವೃತ್ತಿಪರರಿಗಿರುವ ಪ್ರಮಾಣಪತ್ರ) ತರಹದ ಪರೀಕ್ಷೆಯಲ್ಲಿ ನೆನಪಿನ ಪ್ರಶ್ನೆ ಒಂದು ಪಾಲು ಮಾತ್ರ, ಉಳಿದದ್ದು ಸನ್ನಿವೇಶ ಕೊಟ್ಟು ಏನು ಮಾಡ್ತೀರಿ ಅಂತ ಕೇಳುವುದು. ಆ ಪಿಡಿಎಫ್ ಬದಲು ವಾರಕ್ಕೊಂದು ಕೇಸ್ ತೆಗೆದುಕೊಳ್ಳಿ: ತಪ್ಪು ಇಂಜೆಕ್ಷನ್, ಬೆನ್ನ ಹುಣ್ಣು, ರಕ್ತದ ಬಾಟಲಿ ಅದಲು ಬದಲು. ಪ್ರತಿಯೊಂದಕ್ಕೂ ಮೂರು ಪುಟ, ಮೂರು ಟೇಬಲ್ಲಿನವರ ಪರವಾಗಿ. ನಿಜವಾದ ಕೇಸ್ ಆದರೆ ಹೆಸರು, ನಂಬರ್, ತಾರೀಖು ಮೊದಲೇ ಹೊಡೆದುಹಾಕಿ, ಫೋನ್‌ನಲ್ಲಿ ಕೇಸ್ ಶೀಟ್‌ನ ಫೋಟೊ ಅಂತೂ ತೆಗೆಯಲೇಬೇಡಿ.