99 ಡಿಗ್ರಿಯೂ ಜ್ವರವೇ: ಮಳೆಗಾಲಕ್ಕೆ ಮುಂಚೆ ಮನೆಯ ಹಿರಿಯರಿಗೆ ಮಾಡಿಸಬೇಕಾದ್ದು

ಮುಂಬಯಿಗೆ ಮಳೆ ಹಿಡಿಯುವುದು ಜೂನ್ ಎರಡನೇ ವಾರದ ಹೊತ್ತಿಗೆ. ಅದರ ಬೆನ್ನಿಗೇ ಫ್ಲೂ, ಡೆಂಗಿ, ಲೆಪ್ಟೊ (ಇಲಿಜ್ವರ). ಮನೆಯಲ್ಲಿ 65 ದಾಟಿದ ಅಪ್ಪನೋ ಅಜ್ಜಿಯೋ ಇದ್ದರೆ ತಯಾರಿ ಏಪ್ರಿಲ್‌ನಲ್ಲೇ ಶುರುವಾಗಬೇಕು. ಕಷಾಯ, ಚ್ಯವನಪ್ರಾಶದ ಮಾತಲ್ಲ ಇದು. ವಯಸ್ಸಾದ ಮೈಯ ರಕ್ಷಣಾ ಕೋಶಗಳು ಎಲ್ಲಿ ಸೋಲುತ್ತವೆ ಎಂದು ತಿಳಿದುಕೊಂಡು ಅಲ್ಲಿಗೆ ಆಸರೆ ಕೊಡುವ ಕೆಲಸ.

ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ರೋಗಾಣುವನ್ನು ಗುರುತಿಸಿ ಹೋರಾಡುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಪಳಗುವುದು ಅಲ್ಲೇ. ಹರೆಯ ದಾಟಿದ ಮೇಲೆ ಅದು ಕುಗ್ಗುತ್ತಾ ಬಂದು, ಅರವತ್ತರ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹಿಂದೆ ಕಂಡ ರೋಗಾಣುವನ್ನು ನೆನಪಿಟ್ಟುಕೊಂಡ ಕೋಶಗಳು ಉಳಿದಿರುತ್ತವೆ. ಹೊಸದನ್ನು ಗುರುತಿಸಬಲ್ಲ ಕೋಶಗಳಿಗೆ ಬರ. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಚಿಕ್ಕಂದಿನಿಂದಲೂ ಸದ್ದಿಲ್ಲದೆ ಕೂತಿರುವ ಸೈಟೊಮೆಗಲೊ ವೈರಸ್‌ನ ಕಾವಲಿಗೇ ಉಳಿದ ಟಿ ಕೋಶಗಳಲ್ಲಿ ದೊಡ್ಡ ಪಾಲು ಮೀಸಲಾಗಿಬಿಡುತ್ತದೆ. ಟಿ ಕೋಶದ ನೆರವು ತಗ್ಗಿದಾಗ ಬಿ ಕೋಶ ತಯಾರಿಸುವ ಪ್ರತಿಕಾಯವೂ (ಆ್ಯಂಟಿಬಾಡಿ) ರೋಗಾಣುವಿಗೆ ಗಟ್ಟಿಯಾಗಿ ಅಂಟುವುದಿಲ್ಲ.

ಸೋಂಕಿನ ಕಡೆಗೆ ಮೊದಲು ಧಾವಿಸುವ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳ ಕಥೆ ಬೇರೆ. ಲೆಕ್ಕದಲ್ಲಿ ಅವು ಅಷ್ಟೇ ಇರುತ್ತವೆ, ಆದರೆ ಸೋಂಕಿನ ಜಾಗಕ್ಕೆ ನೇರ ಹೋಗುವ ಬದಲು ಸುತ್ತಿಬಳಸಿ ಹೋಗುತ್ತವೆ, ದಾರಿಯುದ್ದಕ್ಕೂ ಎಂಜೈಮ್ ಚೆಲ್ಲಿ ಚೆನ್ನಾಗಿರುವ ಅಂಗಾಂಶವನ್ನೂ ಕೆಡಿಸುತ್ತವೆ. ಇದರ ಮೇಲೆ ಸದಾ ಹೊಗೆಯಾಡುವ ಸಣ್ಣ ಉರಿಯೂತ ಬೇರೆ. ಇಟಲಿಯ ವಿಜ್ಞಾನಿ ಕ್ಲೌಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಇದಕ್ಕೆ ಇನ್‌ಫ್ಲಮೇಜಿಂಗ್ ಎಂದು ಹೆಸರಿಟ್ಟರು.

ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ಎಣಿಸುವುದು ಕೋಶಗಳನ್ನು, ಅವುಗಳ ಕೆಲಸವನ್ನಲ್ಲ. ಬಿಳಿ ರಕ್ತಕಣ 8,000 ಇದೆ, ನಾರ್ಮಲ್ ಎಂದು ಸಮಾಧಾನಪಡುವಂತಿಲ್ಲ. ಹಿರಿಯರಲ್ಲಿ ನ್ಯುಮೋನಿಯಾ ಇದ್ದೂ ಎಣಿಕೆ ಏರದೆ ಇರಬಹುದು. ಲ್ಯಾಬಿನವರು ಮಾರುವ ‘ಇಮ್ಯುನಿಟಿ ಪ್ಯಾಕೇಜ್’ಗೆ ದುಡ್ಡು ಸುರಿಯಬೇಡಿ. ಆ ದುಡ್ಡು ಲಸಿಕೆಗೆ ಬೇಕಾಗುತ್ತದೆ.

ಮೊದಲು ಥರ್ಮಾಮೀಟರ್

ಮೈ ಬಿಸಿಯಾಗುವುದು ರಕ್ಷಣಾ ಕೋಶಗಳು ಕಳಿಸುವ ಸಂದೇಶದಿಂದ. ಆ ಸಂದೇಶವೇ ಮಂಕಾದಾಗ ದೊಡ್ಡ ಸೋಂಕಿದ್ದರೂ 101 ಮುಟ್ಟುವುದಿಲ್ಲ. ಹಾಗಾಗಿ ಆರಾಮಾಗಿರುವಾಗಲೇ ಅವರ ಮಾಮೂಲಿ ಬಿಸಿ ಎಷ್ಟೆಂದು ಗುರುತು ಹಾಕಿಕೊಳ್ಳಿ. ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆಯ ಅಡಿ ಇಟ್ಟು ಒಂದು ವಾರ ಬೆಳಗ್ಗೆ, ಸಂಜೆ ಅಳೆದು ಕ್ಯಾಲೆಂಡರಿನ ಮೇಲೇ ಬರೆಯಿರಿ. ಚಹಾ ಕುಡಿದು ಕಾಲು ಗಂಟೆಯಾದರೂ ಕಳೆದಿರಲಿ. ಕಂಕುಳಲ್ಲಿ ಇಟ್ಟರೆ ಕಡಿಮೆ ತೋರಿಸುತ್ತದೆ, ಆದ್ದರಿಂದ ಒಂದೇ ಜಾಗಕ್ಕೆ ಅಂಟಿಕೊಳ್ಳಿ.

ಆಮೇಲಿನ ಲೆಕ್ಕ ಸುಲಭ. ಬಾಯಲ್ಲಿ ಒಮ್ಮೆ 100 ದಾಟಿದರೆ, ಅಥವಾ ಮತ್ತೆ ಮತ್ತೆ 99 ದಾಟುತ್ತಿದ್ದರೆ, ಅಥವಾ ಅವರ ಮಾಮೂಲಿಗಿಂತ 2 ಡಿಗ್ರಿ ಏರಿದರೆ ಅದು ಜ್ವರ. 96.8 ಮಾಮೂಲಿಯಾಗಿರುವ ಅಜ್ಜಿಗೆ 98.8 ಎಂದರೆ ಡಾಕ್ಟರಿಗೆ ಫೋನ್ ಮಾಡುವ ಹೊತ್ತು.

ಎರಡು ಬಗೆಯ ಮಾತ್ರೆಗಳು ಸೋಂಕಿನ ಗುರುತನ್ನೇ ಮರೆಮಾಚುತ್ತವೆ. ಮಂಡಿನೋವಿಗೆಂದು ದಿನಾ ನುಂಗುವ ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ. ಅಳೆಯುವುದಾದರೆ ಮುಂದಿನ ಮಾತ್ರೆಗೆ ಮೊದಲು ಅಳೆಯಿರಿ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರಲ್ಲಿ ಸೋಂಕಿದ್ದರೂ ನಾಡಿ ಜೋರಾಗುವುದಿಲ್ಲ.

ಜ್ವರಕ್ಕೆ ಮೊದಲೇ ಬೇರೆ ಸುಳಿವು ಸಿಗುತ್ತದೆ: ನಿನ್ನೆಯವರೆಗೆ ಪೇಪರ್ ಓದುತ್ತಿದ್ದವರು ಇವತ್ತು ಮಂಕಾಗಿ ಕೂರುವುದು, ದಿನ ವಾರ ತಪ್ಪುವುದು, ಊಟ ಬೇಡವೆನ್ನುವುದು, ಬಚ್ಚಲಲ್ಲಿ ಬೀಳುವುದು. ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕಬೇಡಿ. ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರು 22 ಅಥವಾ ಹೆಚ್ಚು, ಬಿಪಿಯ ಮೇಲಿನ ಅಂಕಿ 100 ಅಥವಾ ಕಡಿಮೆ, ಜೊತೆಗೆ ಹೊಸದಾಗಿ ಬಂದ ಗಲಿಬಿಲಿ: ಈ ಮೂರರಲ್ಲಿ ಎರಡಿದ್ದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಲಸಿಕೆ: ಯಾವುದು, ಯಾವಾಗ

ಮುಂಬಯಿಯಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಅಮೆರಿಕದಲ್ಲಿರುವ ಮಗ ಅಕ್ಟೋಬರ್ ಎನ್ನುತ್ತಾನೆಂದು ಕಾಯಬೇಡಿ. ಇಲ್ಲಿ ಏಪ್ರಿಲ್, ಮೇ ಸರಿ. ಪ್ರತಿಕಾಯ ಬೆಳೆಯಲು ಎರಡು ವಾರ ಬೇಕು. ಬಾಕ್ಸಿನ ಮೇಲೆ ವರ್ಷ ಅಚ್ಚಾಗಿರುತ್ತದೆ. ಹಳೆಯ ಸ್ಟಾಕ್ ಆದರೆ ಬೇಡವೆನ್ನಿ. ಪ್ರತಿವರ್ಷ ಬೇಕೇ ಎಂದು ಕೇಳುವವರಿದ್ದಾರೆ. ವೈರಸ್ ವೇಷ ಬದಲಿಸುತ್ತದೆ, ಹಿರಿಯರಲ್ಲಿ ಪ್ರತಿಕಾಯವೂ ಬೇಗ ಇಳಿಯುತ್ತದೆ, ಆದ್ದರಿಂದ ಬೇಕು. ಸಾಧ್ಯವಾದರೆ ಬೆಳಗ್ಗೆ ಹಾಕಿಸಿ. ಬ್ರಿಟನ್ನಿನಲ್ಲಿ 65 ದಾಟಿದವರ ಮೇಲೆ ನಡೆದ ಒಂದು ಪ್ರಯೋಗದಲ್ಲಿ 9ರಿಂದ 11ರೊಳಗೆ ಹಾಕಿಸಿಕೊಂಡವರಲ್ಲಿ ಪ್ರತಿಕಾಯ ಹೆಚ್ಚು ಕಂಡಿತ್ತು. ಹೇಗೂ ಖರ್ಚಿಲ್ಲದ ಉಪಾಯ.

ನ್ಯುಮೋನಿಯಾ ಲಸಿಕೆಯಲ್ಲಿ ಎಡವಟ್ಟಾಗುವುದು ಕ್ರಮದಲ್ಲಿ. ಪಿಪಿಎಸ್‌ವಿ23, ಪಿಸಿವಿ ಎಂದು ಇದರಲ್ಲಿ ಎರಡು ಬಗೆ. ಪಿಪಿಎಸ್‌ವಿ23 ಬರೀ ರೋಗಾಣುವಿನ ಹೊರಪದರದ ಸಕ್ಕರೆಯ ಸರಪಳಿ. ಟಿ ಕೋಶವನ್ನು ಅದು ಎಬ್ಬಿಸುವುದೇ ಇಲ್ಲ, ಹಾಗಾಗಿ ನೆನಪೂ ಉಳಿಯುವುದಿಲ್ಲ. ಪಿಸಿವಿಯಲ್ಲಿ ಅದೇ ಸರಪಳಿಗೆ ಪ್ರೋಟೀನ್ ಜೋಡಿಸಿರುತ್ತಾರೆ. ಆದ್ದರಿಂದ ಮೊದಲು ಪಿಸಿವಿ13, ಒಂದು ವರ್ಷ ಬಿಟ್ಟು ಪಿಪಿಎಸ್‌ವಿ23. ಪಿಸಿವಿ20 ಸಿಕ್ಕಿದರೆ ಅದೊಂದೇ ಸಾಕು. ಈಗಾಗಲೇ ಪಿಪಿಎಸ್‌ವಿ23 ಹಾಕಿಸಿಯಾಗಿದ್ದರೆ ಪಿಸಿವಿಗೆ ಒಂದು ವರ್ಷ ಕಾಯಿರಿ.

ಸರ್ಪಸುತ್ತಿಗೆ (ಇಲ್ಲಿಯವರ ಬಾಯಲ್ಲಿ ನಾಗಿಣ್) ಶಿಂಗ್ರಿಕ್ಸ್ ಇದೆ. 50 ದಾಟಿದವರಿಗೆ ಎರಡು ಡೋಸ್, 2ರಿಂದ 6 ತಿಂಗಳ ಅಂತರ. ದುಬಾರಿ, ಆದರೆ ಮುದಿ ಕೋಶಗಳನ್ನೂ ಬಡಿದೆಬ್ಬಿಸುವ ಅಡ್ಜುವಂಟ್ (ಲಸಿಕೆಯ ಪ್ರಭಾವ ಹೆಚ್ಚಿಸುವ ವಸ್ತು) ಇದರಲ್ಲಿದೆ. ಹಳೆಯ ಸಜೀವ ಲಸಿಕೆ 80 ದಾಟಿದವರಲ್ಲಿ ಹೆಚ್ಚುಕಡಿಮೆ ಸೋತಿತ್ತು. ಇದು 70 ದಾಟಿದವರಲ್ಲೂ ಸುಮಾರು 90 ಪ್ರತಿಶತ ಕೆಲಸ ಮಾಡಿತು. ತೋಳುನೋವು, ಮೈಕೈ ನೋವು, ಸಣ್ಣ ಜ್ವರ ಎರಡು ಮೂರು ದಿನ ಇರುತ್ತದೆ, ಅದಕ್ಕೆ ಹೆದರಿ ಎರಡನೇ ಡೋಸ್ ಬಿಡಬೇಡಿ. ಮೂರು ದಿನ ಕಳೆದೂ ಜ್ವರ ಇಳಿಯದಿದ್ದರೆ ಅದು ಬಹುಶಃ ಲಸಿಕೆಯದ್ದಲ್ಲ.

ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಮೆಡಿಕಲ್‌ನಿಂದ ಕೊಂಡು ಮೇ ಬಿಸಿಲಲ್ಲಿ ಲೋಕಲ್ ಹತ್ತಿ ಡೊಂಬಿವಲಿಗೆ ಒಯ್ಯುವ ಸಾಹಸ ಬೇಡ; ಫ್ರಿಜ್ ಇರುವ ಕ್ಲಿನಿಕ್ಕಿನಲ್ಲೇ ಹಾಕಿಸಿ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ಎರಡು ವಾರದಿಂದ ನಡೆಯುತ್ತಿದ್ದರೆ ಮೊದಲೇ ಹೇಳಿ.

ತಟ್ಟೆ ಮತ್ತು ಕಾಲು

ಪ್ರತಿಕಾಯವೂ ಪ್ರೋಟೀನೇ. ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. 60 ಕಿಲೋ ಇದ್ದವರಿಗೆ 60ರಿಂದ 72. ಬೆಳಗ್ಗೆ ಚಹಾ ಪಾವ್, ಮಧ್ಯಾಹ್ನ ಗಂಜಿ ಉಪ್ಪಿನಕಾಯಿ, ರಾತ್ರಿ ಅನ್ನ ಸಾರು ಆದರೆ ಅದರ ಅರ್ಧವೂ ಆಗುವುದು ಕಷ್ಟ. ಎರಡು ಮೊಟ್ಟೆಗೆ 12 ಗ್ರಾಂ, ಒಂದು ಲೋಟ ಹಾಲಿಗೆ 8, 100 ಗ್ರಾಂ ಬಂಗುಡೆಗೆ ಸುಮಾರು 19. ಮೀನು ಬಿಡುವ ಶ್ರಾವಣದಲ್ಲಿ 25 ಗ್ರಾಂ ಒಣ ಸೋಯಾಗೆ 13, 50 ಗ್ರಾಂ ಪನೀರಿಗೆ 9. ಕಿಡ್ನಿ ತೊಂದರೆ ಇದ್ದವರು ಈ ಲೆಕ್ಕವನ್ನು ಡಾಕ್ಟರಿಗೆ ತೋರಿಸದೆ ಹಿಡಿಯಬಾರದು. ಸಕ್ಕರೆ ಕಾಯಿಲೆ ಹಿಡಿತದಲ್ಲಿರಲಿ, ರಕ್ತದಲ್ಲಿ ಸಕ್ಕರೆ ಏರಿದರೆ ನ್ಯೂಟ್ರೊಫಿಲ್ ಇನ್ನೂ ಜಡ.

ನಡಿಗೆ ಬಿಡಿಸಬೇಡಿ. ಜೀವಮಾನವಿಡೀ ಸೈಕಲ್ ತುಳಿದ 55ರಿಂದ 79ರ ವಯಸ್ಸಿನ ಬ್ರಿಟಿಷರ ರಕ್ತದಲ್ಲಿ ಹೊಸ ಟಿ ಕೋಶಗಳು ಯುವಕರಷ್ಟೇ ಕಂಡದ್ದು 2018ರಲ್ಲಿ ಪ್ರಕಟವಾಯಿತು. ಮಳೆಯಲ್ಲಿ ರಸ್ತೆ ಬೇಡ, ಬಿಲ್ಡಿಂಗಿನ ಕಾರಿಡಾರ್ ಸಾಕು.

ನೀರಲ್ಲಿ ಕಾಲಿಟ್ಟ ಮೇಲೆ

ಹಿಂದ್‌ಮಾತಾದಲ್ಲೋ ಸಾಯನ್‌ನಲ್ಲೋ ನಿಂತ ನೀರು ದಾಟಿ ಬಂದರೆ ಸೋಪು ಹಾಕಿ ಕಾಲು ತೊಳೆದು, ಬೆರಳ ಸಂದಿಯವರೆಗೂ ಒರೆಸಿ. ಇಲಿಯ ಮೂತ್ರದ ಲೆಪ್ಟೊ ಸಣ್ಣ ಗಾಯದಿಂದಲೂ ಒಳಬರುತ್ತದೆ. 24ರಿಂದ 72 ಗಂಟೆಯೊಳಗೆ ಮುನ್ಸಿಪಾಲಿಟಿ ದವಾಖಾನೆಗೆ ಹೋಗಿ ಡಾಕ್ಸಿಸೈಕ್ಲಿನ್ ಬೇಕೇ ಎಂದು ಕೇಳಿ. ಕೊಟ್ಟರೆ ತುಂಬಿದ ಲೋಟ ನೀರಿನ ಜೊತೆ ನುಂಗಿಸಿ, ಅರ್ಧ ಗಂಟೆ ಮಲಗಲು ಬಿಡಬೇಡಿ. ಅನ್ನನಾಳಕ್ಕೆ ಅಂಟಿಕೊಂಡರೆ ಹುಣ್ಣಾಗುತ್ತದೆ. ಕ್ಯಾಲ್ಸಿಯಂ, ಐರನ್ ಮಾತ್ರೆಗಳನ್ನು ಅದರ ಜೊತೆ ಕೊಡದೆ ಕೆಲವು ಗಂಟೆ ಬಿಟ್ಟು ಕೊಡಿ.