ಕಾಫಿಪುಡಿಗೆ ಕೊಡೋ ದುಡ್ಡು ರುಚಿಗೋ ಬ್ರ್ಯಾಂಡಿಗೋ, ಮನೇಲೇ ಚೆಕ್ ಮಾಡೋದು ಹೆಂಗೆ?

ನಮ್ ದಾವಣಗೇರಿ ಜನಕ್ಕೆ ಬೆಣ್ಣೆದೋಸೆ ಅಂದ್ರೆ ಅವರವರ ಹೋಟ್ಲೇ ಆಗ್ಬೇಕು, ಪಕ್ಕದಲ್ಲೇ ಇನ್ನೊಂದಿದ್ರೂ ಕಾಲು ಆ ಕಡೆ ಹೋಗಲ್ಲ. ಕಾಫಿಪುಡೀದೂ ಹಂಗೇ, ಅತ್ತೆ ತರ್ತಿದ್ದ ಪ್ಯಾಕೆಟ್ಟನ್ನೇ ಸೊಸೆನೂ ತರೋದು, ರೇಟ್ ಎಷ್ಟೇ ಏರ್ಲಿ. ಬ್ರ್ಯಾಂಡ್ ಬಿಡ್ರಿ ಅಂತ ಹೇಳ್ತಿಲ್ಲ, ಜಾಸ್ತಿ ದುಡ್ಡು ಯಾವುದಕ್ಕೆ ಹೋಗ್ತದೆ ಅಂತ ಗೊತ್ತಿರ್ಬೇಕು ಅಷ್ಟೇ.

ಮೊದ್ಲು ಪ್ಯಾಕೆಟ್ ತಿರುಗ್ಸಿ ಚಿಕೋರಿ, ಅಂದ್ರೆ ಕಾಫಿಗೆ ಬೆರ್ಸೋ ಹುರಿದ ಬೇರಿನ ಪುಡಿ, ಎಷ್ಟಿದೆ ಓದ್ರಿ. ಕಾನೂನು ಪ್ರಕಾರ 49% ತನಕ ಹಾಕ್ಬೋದು, ಆದ್ರೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೀಲೇಬೇಕು. ಈಗ 200 ಗ್ರಾಂಗೆ 150 ರೂಪಾಯಿ, 40% ಚಿಕೋರಿ ಅಂತ ಇಟ್ಕೊಳ್ರಿ, ಒಳಗೆ ಕಾಫಿ ಇರೋದು 120 ಗ್ರಾಂ, ಗ್ರಾಂಗೆ 1.25 ರೂಪಾಯಿ ಬಿತ್ತು. ಚಿಕೋರಿನೇ ಇಲ್ದಿರೋದು 200 ಗ್ರಾಂಗೆ 240 ಆದ್ರೆ ಗ್ರಾಂಗೆ 1.20, ಅಂದ್ರೆ ದುಬಾರಿ ಅನ್ಸಿದ್ದೇ ಅಗ್ಗ! ಚಿಕೋರಿ ಬಣ್ಣ, ಗಟ್ಟಿತನ ಕೊಡ್ತದೆ, ಅದೇ ಇಷ್ಟ ಅಂದ್ರೆ ತಪ್ಪೇನಿಲ್ಲ, ಕಾಫಿ ರೇಟ್ ಕೊಟ್ಟು ತಗೋಬೇಡ್ರಿ.

ಆಮೇಲೆ ಕಣ್ಣು ಮುಚ್ಚಿ ಕುಡಿಯೋ ಟೆಸ್ಟು, ಇದೇ ಮುಖ್ಯ. ನಿಮ್ಮ ಬ್ರ್ಯಾಂಡೊಂದು, ಅಂಗಡೀಲಿ ಬೀಸಿಕೊಡೋ ಪುಡಿಯೊಂದು ತಗೊಳ್ರಿ, ಎರಡರಲ್ಲೂ ಚಿಕೋರಿ ಒಂದೇ ಪ್ರಮಾಣ ಇರ್ಬೇಕು, ಇಲ್ಲಾಂದ್ರೆ ನಾಲಿಗೆ ಹಿಡಿಯೋದು ಚಿಕೋರಿ ವ್ಯತ್ಯಾಸಾನ. ಅಳತೆ, ನೀರು, ಹಾಲು, ಸಕ್ಕರೆ, ಡಿಕಾಕ್ಷನ್ ಇಳಿಯೋ ಟೈಮು ಎಲ್ಲಾ ಒಂದೇ ಇರ್ಲಿ. ಮೂರು ಲೋಟ ಮಾಡ್ರಿ, ಎರಡ್ರಲ್ಲಿ ಒಂದೇ ಪುಡಿ, ಒಂದ್ರಲ್ಲಿ ಬೇರೆ, ಲೋಟದ ತಳಕ್ಕೆ ಗುರುತು ಹಾಕಿ. ಮಾಡಿದೋರು ಅಲ್ಲಿ ನಿಲ್ಬಾರ್ದು, ಮುಖ ನೋಡೇ ಗೊತ್ತಾಗಿಬಿಡ್ತದೆ. ಬೇರೆ ಯಾವ್ದು ಅಂತ ಕುಡಿದೋರು ಹೇಳ್ಬೇಕು. ಸುಮ್ನೆ ಊಹಿಸಿದ್ರೂ ಮೂರ್ರಲ್ಲಿ ಒಂದ್ಸಲ ಸರಿ ಬರ್ತದೆ, ಹಂಗಾಗಿ ಬೇರೆ ಬೇರೆ ದಿನ ಒಟ್ಟು 9 ಸಲ ಮಾಡಿ, 6ಕ್ಕಿಂತ ಕಮ್ಮಿ ಬಂದ್ರೆ ವ್ಯತ್ಯಾಸ ಹಿಡಿದ್ರು ಅಂತ ಹೇಳಕ್ಕಾಗಲ್ಲ.

ಸರಿಯಾಗಿ ಹಿಡಿದು, ನಿಮ್ಮ ಬ್ರ್ಯಾಂಡೇ ಚೆನ್ನಾಗಿದೆ ಅಂದ್ರೆ ಖುಷಿಯಿಂದ ದುಡ್ಡು ಕೊಡ್ರಿ. ಕಂಪನಿಯೋರು ಬೇರೆ ಬೇರೆ ತೋಟದ ಬೀಜ ಬೆರ್ಸಿ ತಿಂಗಳಾ ತಿಂಗಳಾ ಒಂದೇ ರುಚಿ ಬರಂಗೆ ಮಾಡ್ತಾರೆ, ಆ ಕೆಲ್ಸಕ್ಕೆ ಬೆಲೆ ಇದೆ, ನೆಂಟರು ಬಂದಾಗ ಅದು ಗೊತ್ತಾಗ್ತದೆ.

ಬೀಸೋ ಅಂಗಡಿಗೆ ಹೋದ್ರೆ ಯಾವಾಗ ಹುರಿದಿದ್ದು ಅಂತ ಕೇಳಿ, ವಾರಕ್ಕಾಗೋವಷ್ಟೇ ತಗೊಳ್ರಿ, ಬೀಸಿದ್ಮೇಲೆ ಘಮ ಬೇಗ ಹೋಗ್ತದೆ. ಪೀಬೆರಿ ಅಂದ್ರೆ ಹಣ್ಣಲ್ಲಿ ಎರಡರ ಬದ್ಲು ಒಂದೇ ದುಂಡು ಬೀಜ ಇರೋದು, ಅಂಥದ್ದು ಸಿಗೋದು ಕಮ್ಮಿ ಅಂತ ರೇಟ್ ಜಾಸ್ತಿ, ಅದನ್ನೂ ಇದೇ ಟೆಸ್ಟಿಗೆ ಹಾಕಿ ನೋಡ್ರಿ.

ಕೆಫೆ ಲೆಕ್ಕನೇ ಬೇರೆ. ಕೆಫೆ ಕಾಫಿ ಡೇ 1996ರಲ್ಲಿ ಬೆಂಗ್ಳೂರು ಬ್ರಿಗೇಡ್ ರೋಡಲ್ಲಿ ಶುರುವಾದಾಗ ಕಾಫಿ ಜೊತೆ ಇಂಟರ್ನೆಟ್ಟೂ ಇತ್ತು, ಜನ ದುಡ್ಡು ಕೊಟ್ಟಿದ್ದು ಕೂತ್ಕೊಳ್ಳೋ ಜಾಗಕ್ಕೂ ಹೌದು. ಒಂದು ಗಂಟೆ ಕೂತು ಮಾತಾಡೋದಿದ್ರೆ ಆ ರೇಟ್ ಕೊಡಬಹುದು, ಪಾರ್ಸಲ್ ತಗೊಂಡು ಬರೋದಾದ್ರೆ ಬೇಡ, ನಮ್ ದಾವಣಗೇರಿ ಪಿ.ಬಿ. ರೋಡಲ್ಲಿ ನಿಂತು ಬೈ-ಟು ಕುಡೀರಿ.