ಶಾಲೆ ಬಿಟ್ಟ ಮೇಲಿನ ಎರಡು ಗಂಟೆ: ಗಡಿನಾಡಿನ ಕನ್ನಡ ಶಾಲೆಯಲ್ಲಿ ಕ್ವೇಕರ್ ಕ್ರಮವನ್ನು ಅಳವಡಿಸುವ ಬಗೆ

ಕಾಸರಗೋಡಿನ ಬಹುತೇಕ ಪ್ರಾಥಮಿಕ ಶಾಲೆಗಳಲ್ಲಿ ಸಂಜೆ 4 ಗಂಟೆಗೆ ಗಂಟೆ ಹೊಡೆಯುತ್ತದೆ. ಮಂಗಳೂರಿಗೆ ಕೆಲಸಕ್ಕೆ ಹೋಗುವ ತಾಯಿ ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ರೈಲಿನಿಂದಿಳಿದು ಮನೆ ಸೇರುವಾಗ ಎಷ್ಟೋ ದಿನ ದೀಪ ಹಚ್ಚುವ ಹೊತ್ತಾಗಿರುತ್ತದೆ. ಬೀಡಿ ಕಟ್ಟುವ ತಾಯಿ ಮನೆಯಲ್ಲೇ ಇದ್ದರೂ ಲೆಕ್ಕದ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸುವ ತನಕ ಅವಳ ಕೈ ಬಿಡುವಾಗುವುದಿಲ್ಲ. ತಂದೆ ಗಲ್ಫಿನಲ್ಲಿರುವ ಮನೆಗಳಲ್ಲಿ ಅಜ್ಜ ಅಜ್ಜಿಯರೇ ಮಕ್ಕಳ ಆಸರೆ. ಹೀಗಾಗಿ ಈ ಎರಡು ಗಂಟೆಗಳಲ್ಲಿ ಮಗು ಒಂದೋ ಮೊಬೈಲಿನ ಮುಂದೆ ಕೂರುತ್ತದೆ, ಇಲ್ಲವೇ ಟ್ಯೂಷನ್ನಿಗೆ ಹೋಗಿ ಶಾಲೆಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡುತ್ತದೆ. ಎರಡೂ ಅದಕ್ಕೆ ತಕ್ಕದ್ದಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ತಮ್ಮ ಶಾಲೆಯಲ್ಲಿ 3ರಿಂದ 6 ವರ್ಷದ ಪುಟಾಣಿಗಳಿಗೂ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೂ ಸಂಜೆಯ ಹೊತ್ತಿನ ಒಳ್ಳೆಯ ವ್ಯವಸ್ಥೆಯೊಂದನ್ನು ಕಟ್ಟಬಯಸುವ ಶಿಕ್ಷಕರು, ರಕ್ಷಕ ಶಿಕ್ಷಕ ಸಂಘದವರು ಮತ್ತು ಅನುದಾನಿತ ಶಾಲೆಗಳ ವ್ಯವಸ್ಥಾಪಕರಿಗಾಗಿ ಈ ಬರಹ.

ಇಲ್ಲಿ ವಿವರಿಸುವ ಕ್ರಮ ಕ್ವೇಕರ್ ಶಾಲೆಗಳಿಂದ ಬಂದದ್ದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಸಂಗಾತಿಗಳಿಂದ ಆರಂಭವಾದ ಈ ಪಂಥದವರು ತಮ್ಮನ್ನು ‘ಸ್ನೇಹಿತರು’ ಎಂದು ಕರೆದುಕೊಳ್ಳುತ್ತಾರೆ. ಅವರ ಮೂಲ ಸಂಪ್ರದಾಯದ ಸಭೆಯಲ್ಲಿ ಪುರೋಹಿತರಿಲ್ಲ, ಗೊತ್ತುಮಾಡಿದ ಪ್ರಾರ್ಥನೆಯೂ ಇಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ, ಹೇಳಲೇಬೇಕೆಂದು ಒಳಗಿನಿಂದ ಅನ್ನಿಸಿದವರು ಎದ್ದು ಹೇಳುತ್ತಾರೆ. ಫಿಲಡೆಲ್ಫಿಯಾದ ವಿಲಿಯಂ ಪೆನ್ ಚಾರ್ಟರ್ ಶಾಲೆ 1689ರಲ್ಲಿಯೂ ಇಂಗ್ಲೆಂಡಿನ ಆಕ್‌ವರ್ತ್ ಶಾಲೆ 1779ರಲ್ಲಿಯೂ ಸ್ಥಾಪನೆಯಾದವು. ನಮ್ಮ ದೇಶಕ್ಕೂ ಈ ಪರಂಪರೆ ಹೊಸತಲ್ಲ. ಕಾಸರಗೋಡು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1928ರಲ್ಲಿ, ಶಿಕ್ಷಕಿಯಾಗಿ ಮದ್ರಾಸಿಗೆ ಬಂದ ಇಂಗ್ಲೆಂಡಿನ ಮಾರ್ಜರಿ ಸೈಕ್ಸ್ ಮುಂದೆ ಕ್ವೇಕರರಾದರು, ಶಾಂತಿನಿಕೇತನದಲ್ಲಿ ಕಲಿಸಿದರು, ಸೇವಾಗ್ರಾಮದಲ್ಲಿ ಕೈಕೆಲಸದ ಮೂಲಕ ಕಲಿಸುವ ಗಾಂಧೀಜಿಯವರ ನಯೀ ತಾಲೀಮ್ ಶಿಕ್ಷಣಕ್ಕಾಗಿ ದುಡಿದರು. ಮಧ್ಯಪ್ರದೇಶದ ರಸೂಲಿಯಾದಲ್ಲಿದ್ದ ಕ್ವೇಕರರ ಗ್ರಾಮೀಣ ಕೇಂದ್ರವು ಕಿಶೋರ ಭಾರತಿ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ಸೇರಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭಿಸಿದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮವು ಹಳ್ಳಿಯ ಮಕ್ಕಳು ಕೈಯಿಂದ ಮಾಡಿ, ಪ್ರಶ್ನೆ ಕೇಳಿ ಕಲಿಯಬಲ್ಲರೆಂಬುದನ್ನು ತೋರಿಸಿಕೊಟ್ಟಿತು.

ಅವರಿಂದ ನಾವು ಪಡೆಯಬೇಕಾದದ್ದು ಧರ್ಮವನ್ನಲ್ಲ. ಮಕ್ಕಳೊಡನೆ ಮೌನವಾಗಿ ಕುಳಿತುಕೊಳ್ಳುವ ಅಭ್ಯಾಸ, ಸರಿ ತಪ್ಪೆಂಬ ಉತ್ತರವಿಲ್ಲದ ಪ್ರಶ್ನೆಯನ್ನು ಅವರ ಮುಂದಿಡುವ ರೀತಿ, ಮತಕ್ಕೆ ಹಾಕದೆ ಎಲ್ಲರ ಮನಸ್ಸನ್ನು ತಿಳಿದು ತೀರ್ಮಾನಿಸುವ ಪದ್ಧತಿ, ಇಷ್ಟೇ ಸಾಕು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ, ಹವಿಗನ್ನಡ ಎಂದು ಬೇರೆಬೇರೆ ಮನೆಮಾತಿನ ಮಕ್ಕಳು ಒಂದೇ ಚಾಪೆಯಲ್ಲಿ ಕೂರುವ ನಮ್ಮ ಶಾಲೆಗಳಲ್ಲಿ, ಇನ್ನೊಬ್ಬರ ಮಾತು ಮುಗಿಯುವವರೆಗೆ ಕಿವಿಗೊಡುವುದನ್ನು ಕಲಿಸುವ ಕ್ರಮಕ್ಕಿಂತ ಹೆಚ್ಚು ಅಗತ್ಯವಾದದ್ದು ನನಗೆ ಬೇರೆ ಕಾಣುವುದಿಲ್ಲ.

ಆರಂಭಿಸುವ ಮೊದಲು

ಮೊದಲ ಕೆಲಸ ರಕ್ಷಕರ ಸಭೆ. ಈ ಸಭೆಯನ್ನೇ ಕ್ವೇಕರ್ ಪದ್ಧತಿಯಲ್ಲಿ ನಡೆಸಿದರೆ ಮುಂದಿನದನ್ನು ವಿವರಿಸುವ ಶ್ರಮ ಅರ್ಧ ಕಡಿಮೆಯಾಗುತ್ತದೆ. ವೇದಿಕೆ, ಮೈಕು ಬೇಡ. ಕುರ್ಚಿಗಳನ್ನು ಅಥವಾ ಬೆಂಚುಗಳನ್ನು ವೃತ್ತಾಕಾರವಾಗಿ ಇಡಿ. ಕಲಾಪ ನಡೆಸುವವರೊಬ್ಬರು ಇರಲಿ, ಆದರೆ ಅವರು ತಮ್ಮ ಅಭಿಪ್ರಾಯವನ್ನು ಹೇರುವ ಅಧ್ಯಕ್ಷರಾಗಬಾರದು. ಎಲ್ಲರ ಮಾತನ್ನು ಕೇಳಿ, ಅದರ ಸಾರವನ್ನು ಅಲ್ಲೇ ಎರಡು ಮೂರು ವಾಕ್ಯಗಳಲ್ಲಿ ಬರೆದು, ಗಟ್ಟಿಯಾಗಿ ಓದಿ, ‘ನಮ್ಮೆಲ್ಲರ ಮನಸ್ಸಿನಲ್ಲಿರುವುದು ಇದೇ ಹೌದೇ?’ ಎಂದು ಕೇಳುವುದು ಅವರ ಕೆಲಸ. ಹೌದೆಂದರೆ ಅದೇ ನಿರ್ಣಯ. ಯಾರಿಗಾದರೂ ಒಪ್ಪಿಗೆಯಿಲ್ಲದಿದ್ದರೆ ಕೈಯೆತ್ತಿಸಿ ಎಣಿಸಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಆಕ್ಷೇಪದ ಹಿಂದಿರುವ ಕಷ್ಟ ಏನೆಂದು ಕೇಳಿ. ‘ನನ್ನ ಮಗನಿಗೆ ಸಂಜೆ 5 ಗಂಟೆಗೆ ಮದ್ರಸ ಇದೆ’ ಎಂದು ತಾಯಿಯೊಬ್ಬರು ಹೇಳಿದರೆ, ಮತಕ್ಕೆ ಹಾಕುವ ಸಭೆಯಲ್ಲಿ ಅವರು ಒಂದು ಮತದ ಅಲ್ಪಸಂಖ್ಯಾತರು ಮಾತ್ರ. ಈ ಪದ್ಧತಿಯಲ್ಲಿ ಅವರ ಮಗು ಮುಕ್ಕಾಲು ಗಂಟೆ ಇದ್ದು ಹೊರಡುವಂತೆ ವೇಳಾಪಟ್ಟಿಯೇ ಬದಲಾಗುತ್ತದೆ. ತಡವಾಗುತ್ತದೆಯೆಂಬುದು ನಿಜ. ಆದರೆ ಹೀಗೆ ಆದ ತೀರ್ಮಾನವನ್ನು ಆಮೇಲೆ ಯಾರೂ ಗೇಟಿನ ಹೊರಗೆ ನಿಂತು ದೂರುವುದಿಲ್ಲ.

ಇದೇ ಸಭೆಯಲ್ಲಿ ಮೌನದ ವಿಷಯವನ್ನು ಬಿಚ್ಚಿ ಹೇಳಬೇಕು. ಅದು ಪ್ರಾರ್ಥನೆಯಲ್ಲ, ಜಪವಲ್ಲ, ಯಾವ ದೇವರ ಹೆಸರನ್ನೂ ಹೇಳಿಸುವುದಿಲ್ಲ ಎಂಬುದನ್ನು ನಿರ್ಣಯದಲ್ಲಿಯೇ ಬರೆಯಿರಿ.

ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ವ್ಯವಸ್ಥಾಪಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ; ವಾರ್ಡಿನ ಸದಸ್ಯರ ಮೂಲಕ ಪಂಚಾಯತಿಗೂ ಅರ್ಜಿ ಕೊಡಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಬಳಸದ ಹಕ್ಕು ಕಾಗದದಲ್ಲೇ ಉಳಿಯುತ್ತದೆಯಾದ್ದರಿಂದ ಈ ಸಣ್ಣ ಕೆಲಸವನ್ನು ಕನ್ನಡದಲ್ಲಿ ಮಾಡಲು ಹಿಂಜರಿಯಬಾರದು.

ಮಕ್ಕಳನ್ನು ನೋಡಿಕೊಳ್ಳುವವರ ವಿಚಾರದಲ್ಲಿ ಉಳಿತಾಯದ ಯೋಚನೆ ಬೇಡ. ಎಳೆಯ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಬಗೆಗಿನ 2013ರ ರಾಷ್ಟ್ರೀಯ ನೀತಿಯು 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ವಯಸ್ಕರು ಇರಬೇಕೆನ್ನುತ್ತದೆ. ದಣಿದ ಮಕ್ಕಳ ಸಂಜೆಗೆ 12 ಮಕ್ಕಳಿಗೊಬ್ಬರು ಇದ್ದರೆ ಒಳ್ಳೆಯದು, ಮತ್ತು ಮಕ್ಕಳು ಎಷ್ಟೇ ಕಡಿಮೆಯಿದ್ದರೂ ಇಬ್ಬರು ವಯಸ್ಕರು ಇರಲೇಬೇಕು. ಊರಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲ) ಸದಸ್ಯೆಯರಲ್ಲಿ ಮಕ್ಕಳೊಡನೆ ತಾಳ್ಮೆಯಿರುವವರನ್ನು ಆರಿಸಿ, ಸಂಬಳ ಕೊಟ್ಟು ನೇಮಿಸಿ. ಪೊಲೀಸ್ ಪರಿಶೀಲನೆ ಮಾಡಿಸಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬ ವಯಸ್ಕ ಮತ್ತು ಒಂದು ಮಗು ಎಂದಿಗೂ ಇರಬಾರದು. ಮಗುವನ್ನು ಕರೆದೊಯ್ಯಲು ಬರಬಹುದಾದವರ ಹೆಸರುಗಳನ್ನು ಮೊದಲೇ ಪುಸ್ತಕದಲ್ಲಿ ಬರೆದಿಟ್ಟು, ಹೆಸರಿಲ್ಲದವರು ಎಷ್ಟೇ ಹತ್ತಿರದ ನೆಂಟರಾದರೂ ಮನೆಗೆ ಫೋನ್ ಮಾಡದೆ ಕಳುಹಿಸಬಾರದು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಅದನ್ನು ವರದಿ ಮಾಡಲೇಬೇಕೆಂಬುದನ್ನು ಎಲ್ಲ ಸಹಾಯಕರಿಗೂ ತಿಳಿಸಿ, ಮಕ್ಕಳ ಸಹಾಯವಾಣಿ 1098ನ್ನು ಮಕ್ಕಳಿಗೆ ಕಾಣುವ ಎತ್ತರದಲ್ಲಿ ಬರೆದು ಹಾಕಿ.

ಶುಲ್ಕವನ್ನು ಮನೆಯವರ ಶಕ್ತಿಗೆ ತಕ್ಕಂತೆ ಪಡೆಯಿರಿ, ಯಾರು ಎಷ್ಟು ಕೊಟ್ಟರೆಂಬುದು ಖಜಾಂಚಿಗೆ ಮಾತ್ರ ತಿಳಿದಿರಲಿ.

ಪುಟಾಣಿಗಳ ಕೋಣೆ

ಕ್ವೇಕರರು ಸರಳತೆಯನ್ನು ದೊಡ್ಡ ಮೌಲ್ಯವೆಂದು ಎಣಿಸುತ್ತಾರೆ. ಗೋಡೆ ತುಂಬ ಬಣ್ಣದ ಚಿತ್ರ, ಮೂಲೆ ತುಂಬ ಪ್ಲಾಸ್ಟಿಕ್ ಆಟಿಕೆ ಇದ್ದರೆ ಮಗುವಿನ ಮನಸ್ಸು ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಮಗುವಿನ ಕೈಗೆಟುಕುವ ತಗ್ಗಿನ ಕಪಾಟಿನಲ್ಲಿ ಕೆಲವೇ ವಸ್ತುಗಳಿರಲಿ: ಗೆರಟೆಗಳು, ಮರಳು ತುಂಬಿದ ಅಗಲವಾದ ತಟ್ಟೆ, ಬಿದಿರಿನ ತುಂಡುಗಳು, ಹಳೆಯ ಸೀರೆಯ ಬಟ್ಟೆ, ಅಂಗಳದಲ್ಲಿ ಒಬ್ಬರು ಕೂತು ಇನ್ನೊಬ್ಬರು ಎಳೆಯಲು ಅಡಿಕೆ ಹಾಳೆ. ವಾರಕ್ಕೊಮ್ಮೆ ಒಂದೆರಡನ್ನು ಬದಲಾಯಿಸಿ.

ಚೆನ್ನೆಮಣೆಯೊಂದು ಇರಲೇಬೇಕು. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ಐದು ವರ್ಷದ ಮಗು ಒಂದು ಗುಳಿಯ ಕಾಯಿಗಳನ್ನು ಬಾಚಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಬಿಡುವಾಗ ಬೆರಳಿಗೂ ಬಾಯಿಗೂ ತಾಳ ತಪ್ಪಬಾರದು. ‘ಒಂಜಿ, ರಡ್ಡ್’ ಎಂದು ಎಣಿಸುವ ಮಗುವಿನ ಎದುರು ‘ಒಂದು, ಎರಡು’ ಎನ್ನುವ ಮಗು ಕೂತರೆ ಕೆಲವೇ ದಿನಗಳಲ್ಲಿ ಇಬ್ಬರಿಗೂ ಎರಡೂ ಬರುತ್ತವೆ. ನಾಲ್ಕು ಬಿಟ್ಟಾಗ ಕೈ ಬರಿದಾಗುತ್ತದೆಂಬುದನ್ನು ಯಾರೂ ಹೇಳಿಕೊಡದೆಯೇ ಮಗು ಕಂಡುಕೊಂಡ ಗಳಿಗೆಯಲ್ಲಿ ಗಣಿತ ಶುರುವಾಗಿರುತ್ತದೆ, ಸ್ಲೇಟು ಬೇಕಾಗುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಚೆನ್ನೆಗೆ ಬಳಸುವ ಕೆಂಪು ಮಂಜೊಟ್ಟಿ ಕಾಯಿಗಳ ನಡುವೆ ಕಪ್ಪು ತಲೆಯ ಗುಲಗಂಜಿ ಸೇರಿರಬಾರದು, ಏಕೆಂದರೆ ಗುಲಗಂಜಿಯನ್ನು ಜಗಿದರೆ ಅದು ಕಡು ವಿಷ. ಇನ್ನೂ ವಸ್ತುಗಳನ್ನು ಬಾಯಿಗೆ ಹಾಕುವ ಪ್ರಾಯದ ಮಕ್ಕಳಿಗೆ ಯಾವ ಕಾಯಿಯನ್ನೂ ಕೊಡದೆ, ದೊಡ್ಡ ಗೆರಟೆಗಳಲ್ಲೇ ಆಡಿಸಿ.

ಆರು ವರ್ಷದೊಳಗಿನ ಮಕ್ಕಳಿಂದ ಅಕ್ಷರ ತಿದ್ದಿಸುವ ಅವಸರ ಬೇಡ. ಮನೆಮಾತಿನಲ್ಲಿ ಕೇಳಿದ ಮಗುವಿಗೆ ಮನೆಮಾತಿನಲ್ಲೇ ಉತ್ತರ ಕೊಟ್ಟು, ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿ. ‘ಕನ್ನಡದಲ್ಲಿ ಹೇಳು’ ಎಂದು ಗದರಿದರೆ ಮಗು ಎರಡು ಭಾಷೆಗಳಲ್ಲಿಯೂ ಮೂಕವಾಗುತ್ತದೆ.

ಮೌನವೂ ಪ್ರಶ್ನೆಯೂ

ಹಸಿದ ಮಗುವಿಗೆ ಮೌನ ಒಗ್ಗುವುದಿಲ್ಲ. ಆದ್ದರಿಂದ 4 ಗಂಟೆಗೆ ಕೈಕಾಲು ತೊಳೆಸಿ ಮೊದಲು ತಿಂಡಿ ಕೊಡಿ. ಅವಲಕ್ಕಿ, ಬೇಯಿಸಿದ ಗೆಣಸು, ಹೆಸರುಕಾಳಿನ ಉಸಲಿ, ಬಾಳೆಹಣ್ಣು ಮುಂತಾದ ಎಲ್ಲ ಮನೆಯವರೂ ತಿನ್ನುವ ಪದಾರ್ಥಗಳಿದ್ದರೆ ಯಾವ ಮಗುವಿಗೂ ಬೇರೆ ತಟ್ಟೆ ಇಡಬೇಕಾಗುವುದಿಲ್ಲ. ಬಳಿಕ ವೃತ್ತಾಕಾರವಾಗಿ ಚಾಪೆಯಲ್ಲಿ ಕೂರಿಸಿ. ಪುಟಾಣಿಗಳಿಗೆ ಒಂದು ನಿಮಿಷ ಸಾಕು. ದೊಡ್ಡ ಮಕ್ಕಳಿಗೆ ಎರಡರಿಂದ ಆರಂಭಿಸಿ, ಮಳೆಗಾಲ ಮುಗಿಯುವಾಗ ಐದಕ್ಕೆ ತನ್ನಿ.

ಕೈ ಕಟ್ಟು, ಬಾಯಿ ಮುಚ್ಚು ಎಂಬ ಆಜ್ಞೆಯಿಂದ ಬಂದ ನಿಶ್ಶಬ್ದ ಇಲ್ಲಿ ಬೇಕಾದದ್ದಲ್ಲ. ‘ಈಗ ನಮಗೆ ಏನೇನು ಕೇಳುತ್ತದೆ ನೋಡೋಣ’ ಎಂದು ಹೇಳಿ ಟೀಚರೇ ಮೊದಲು ಸುಮ್ಮನಾಗಬೇಕು; ಆ ಹೊತ್ತಿನಲ್ಲಿ ಅವರು ಹಾಜರಿ ಪುಸ್ತಕ ತಿರುವಿದರೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಜೂನ್ ಜುಲೈಯಲ್ಲಿ ಹಂಚಿನ ಮೇಲೆ ಬೀಳುವ ಮಳೆಯೇ ಮಕ್ಕಳನ್ನು ಕೂರಿಸುತ್ತದೆ. ನಗು ಬಂದರೆ ನಗಲಿ, ಎದ್ದು ಹೋದ ಮಗುವನ್ನು ಸಹಾಯಕಿ ಮೆಲ್ಲನೆ ಜಗಲಿಗೆ ಕರೆದೊಯ್ಯಲಿ. ಗಲಾಟೆ ಮಾಡಿದ ಮಗುವನ್ನು ಶಿಕ್ಷೆಯಾಗಿ ಮೌನಕ್ಕೆ ಕೂರಿಸುವುದನ್ನು ಮಾತ್ರ ಒಮ್ಮೆಯೂ ಮಾಡಬೇಡಿ. ಒಂದೇ ಸಲ ಹಾಗೆ ಮಾಡಿದರೂ ತಿಂಗಳುಗಳ ಅಭ್ಯಾಸ ಕೆಡುತ್ತದೆ.

ಮೌನದ ಕೊನೆಗೆ ವಾರದ ಪ್ರಶ್ನೆ. ‘ಇವತ್ತು ಆಟದಲ್ಲಿ ಯಾರಿಗೆ ಜಾಗ ಸಿಗಲಿಲ್ಲ?’ ‘ನಿನಗೆ ಕೋಪ ಬಂದಾಗ ಕೈ ಏನು ಮಾಡಿತು?’ ‘ನಮ್ಮ ಬಾವಿಯ ನೀರು ಏಪ್ರಿಲಿನವರೆಗೆ ಬರಬೇಕಾದರೆ ನಾವೇನು ಮಾಡಬೇಕು?’ ಇಂಥವು ಸಾಕು. ಒಂದೇ ಪ್ರಶ್ನೆ ವಾರವಿಡೀ ಇರಲಿ. ಮಗು ತನಗೆ ಬರುವ ಭಾಷೆಯಲ್ಲಿ ಹೇಳಲಿ, ಅರ್ಥವಾಗದವರಿಗೆ ಇನ್ನೊಂದು ಮಗು ಕನ್ನಡದಲ್ಲಿ ಹೇಳಲಿ. ಒಬ್ಬರು ಹೇಳಿ ಮುಗಿದ ಮೇಲೆ ಒಂದು ಉಸಿರಿನಷ್ಟು ಬಿಡುವು ಬಿಟ್ಟೇ ಇನ್ನೊಬ್ಬರು ಆರಂಭಿಸಬೇಕೆಂಬ ನಿಯಮವಿರಲಿ. ‘ಶಹಬ್ಬಾಸ್’ ಎನ್ನಬೇಡಿ, ಹಾಗೆಂದರೆ ಮರುದಿನದಿಂದ ಎಲ್ಲರೂ ಟೀಚರಿಗೆ ಇಷ್ಟವಾಗುವ ಉತ್ತರವನ್ನೇ ಕೊಡುತ್ತಾರೆ.

ಜಗಳಗಳಿಗೂ ಇದೇ ದಾರಿ. ಎರಡು ಮಣೆಗಳನ್ನು ಎದುರುಬದುರಾಗಿ ಇಟ್ಟು ಇಬ್ಬರನ್ನೂ ಕೂರಿಸಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮೊದಲು ತಿರುಗಿ ಹೇಳಬೇಕು, ಆಮೇಲೆ ತನ್ನದನ್ನು ಹೇಳಬೇಕು. ಟೀಚರು ತೀರ್ಪು ಕೊಡುವುದಿಲ್ಲ. ಗಾಯವಾಗಿದ್ದರೆ ಅಥವಾ ಒಬ್ಬರು ಇನ್ನೊಬ್ಬರನ್ನು ಪದೇ ಪದೇ ಹೆದರಿಸುತ್ತಿದ್ದರೆ ಮಾತ್ರ ದೊಡ್ಡವರು ಕೂಡಲೇ ನಡುವೆ ಬರಬೇಕು.

ಉಳಿದ ಹೊತ್ತು

ನಾಲ್ಕೂವರೆಯಿಂದ ಐದೂಕಾಲರವರೆಗೆ ಅಂಗಳದ ಆಟ. ಮನೆಪಾಠಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ. ಅಷ್ಟರಲ್ಲಿ ಮುಗಿಯದಿದ್ದರೆ ಮುಗಿಯಲಿಲ್ಲವೆಂದು ತರಗತಿಯ ಟೀಚರಿಗೆ ಚೀಟಿ ಬರೆಯಿರಿ. ಅದೇ ಹೊತ್ತಿನಲ್ಲಿ ಪುಟಾಣಿಗಳಿಗೆ ಕತೆ. ಕೊನೆಯ ಕಾಲು ಗಂಟೆ ಎಲ್ಲರೂ ಸೇರಿ ಗುಡಿಸಿ, ಪಾತ್ರೆ ತೊಳೆದು, ಗಿಡಗಳಿಗೆ ನೀರು ಹಾಕಬೇಕು. ಹುಡುಗಿಯರಿಗೆ ಪೊರಕೆ, ಹುಡುಗರಿಗೆ ಚೆಂಡು ಎಂಬ ಹಂಚಿಕೆ ನುಸುಳದಂತೆ ನೋಡಿಕೊಳ್ಳಿ. ಡಿಸೆಂಬರಿನಲ್ಲಿ 6 ಗಂಟೆ ದಾಟುತ್ತಲೇ ಸೂರ್ಯ ಮುಳುಗುವುದರಿಂದ ತೋಟದ ದಾರಿಯಲ್ಲಿ ನಡೆದು ಹೋಗುವ ಮಕ್ಕಳನ್ನು ಅರ್ಧ ಗಂಟೆ ಮೊದಲೇ ಬಿಡಿ. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಸಾರಿದ ದಿನ ಇದಕ್ಕೂ ರಜೆ.

ವಾರದಲ್ಲಿ ಒಂದು ದಿನ ಯಕ್ಷಗಾನಕ್ಕೆ ಇರಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇರುವ ಜಿಲ್ಲೆಯಿದು. ತೆಂಕುತಿಟ್ಟಿನ ಹೆಜ್ಜೆ ಕಲಿಸಬಲ್ಲವರು ಹೆಚ್ಚಿನ ಊರುಗಳಲ್ಲಿ ಸಿಗುತ್ತಾರೆ. ಹೆಜ್ಜೆಗಿಂತಲೂ ಅರ್ಥಗಾರಿಕೆಗೆ, ಅಂದರೆ ಪಾತ್ರದ ಮಾತನ್ನು ಆಗಲೇ ಕಟ್ಟಿ ಆಡುವುದಕ್ಕೆ, ಹೆಚ್ಚು ಹೊತ್ತು ಕೊಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಎದುರಿನ ಪಾತ್ರ ಹೇಳಿದ್ದನ್ನು ಕೇಳಿಸಿಕೊಳ್ಳದೆ ಅದಕ್ಕೆ ಮಾತು ಕೊಡಲು ಬರುವುದಿಲ್ಲ, ಮತ್ತು ಮನೆಯಲ್ಲಿ ಕನ್ನಡವಾಡದ ಮಗುವಿಗೆ ತುಂಬು ವಾಕ್ಯದ ಕನ್ನಡ ಬಾಯಿಗೆ ಬರುವುದು ಇಲ್ಲಿಯೇ. ಶಾಲಾ ಕಲೋತ್ಸವದ ತಯಾರಿ ಮಾತ್ರ ಈ ಹೊತ್ತನ್ನು ನುಂಗದಿರಲಿ.

ಎಣ್ಮಕಜೆ, ಬೆಳ್ಳೂರು ಮುಂತಾದ, ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಪಂಚಾಯತುಗಳಲ್ಲಿ, ಮತ್ತು ಎಲ್ಲೆಡೆಯೂ, ವಿಶೇಷ ಅಗತ್ಯಗಳಿರುವ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ಮೊದಲ ದಿನದಿಂದಲೇ ಯೋಜಿಸಿ. ಇಂಥ ಮಕ್ಕಳಿಗಾಗಿಯೇ ಇರುವ ಪಂಚಾಯತಿನ ಬಡ್ಸ್ ಶಾಲೆಯ ಶಿಕ್ಷಕಿಯನ್ನು ಕರೆಸಿ, ಆ ಮಗುವನ್ನು ಎತ್ತುವ, ಉಣಿಸುವ, ಸಮಾಧಾನಪಡಿಸುವ ರೀತಿಯನ್ನು ಸಹಾಯಕಿಯರಿಗೆ ಕಲಿಸಿ. ಮಾತು ಬಾರದ ಮಗುವೂ ಮೌನದ ವೃತ್ತದಲ್ಲಿ ಉಳಿದವರಿಗೆ ಸಮನಾಗಿ ಕೂರಬಲ್ಲದು.

ಪ್ರತಿ ತಿಂಗಳ ಕೊನೆಯ ಶುಕ್ರವಾರ ಮಕ್ಕಳು ಹೋದ ಮೇಲೆ ವಯಸ್ಕರೆಲ್ಲ ಹತ್ತು ನಿಮಿಷ ಮೌನವಾಗಿ ಕುಳಿತು, ಆ ತಿಂಗಳು ಯಾವ ಮಗು ಮಾತಾಡಲೇ ಇಲ್ಲ, ಯಾವ ಮಗುವಿನ ಮನೆಗೆ ಹೋಗಿ ಬರಬೇಕು ಎಂಬ ಎರಡು ಪ್ರಶ್ನೆಗಳಿಗೆ ಹೆಸರು ಹಿಡಿದು ಉತ್ತರ ಬರೆಯಿರಿ. ಆ ಪುಸ್ತಕ ಶಾಲೆಯ ಬೀರುವಿನಲ್ಲಿ ಬೀಗದೊಳಗೆ ಇರಲಿ. ಮುಂದಿನ ತಿಂಗಳ ಸಭೆ ಹಿಂದಿನ ಪುಟದ ಹೆಸರುಗಳನ್ನು ಓದುವುದರಿಂದಲೇ ಆರಂಭವಾಗಬೇಕು.